ಲ್ಯಾಬಿನ ಅಕ್ಕ ಕಿಲ್ಟ್ ಉಟ್ಟದ್ದು

ಕಳೆದ ತಿಂಗಳ ಕೊನೆಯ ಶುಕ್ರವಾರ ಅವರು ನಮ್ಮ ಆಸ್ಪತ್ರೆಯ ಲ್ಯಾಬಿನಿಂದ ನಿವೃತ್ತರಾದರು. ಬ್ರೇಕ್ ರೂಮಿನಲ್ಲಿ ಕೇಕು ತಂದಿಟ್ಟಿದ್ದೆವು. ಮ್ಯಾನೇಜರ್ ನಾಲ್ಕು ಒಳ್ಳೆಯ ಮಾತಾಡುತ್ತಿರುವಾಗಲೇ ಒಳಗೆ ಯಂತ್ರವೊಂದು ಕೂಗಿಕೊಂಡಿತು. ಎಲ್ಲರಿಗಿಂತ ಮೊದಲು ಎದ್ದು ಹೋದವರು ಅವರೇ. ಅದನ್ನು ಸುಮ್ಮನಾಗಿಸಿ, ಕೈ ತೊಳೆದುಕೊಂಡು ಬಂದು, ತಮ್ಮ ಪಾಲಿನ ಕೇಕನ್ನು ನಿಂತೇ ತಿಂದರು. ಆಮೇಲೆ ನನ್ನ ಕಡೆ ತಿರುಗಿ, "ಸೋಮವಾರ ಹೊಸಾ ಕಿಟ್ ಬರ್ತಾವ ತಮ್ಮಾ, ಫ್ರಿಜ್‌ನ್ಯಾಗ ಜಾಗಾ ಮಾಡ್ಕೋ" ಅಂದರು. ಅಷ್ಟು ವರ್ಷಗಳ ನೌಕರಿಗೆ ಅವರು ಹೇಳಿದ ವಿದಾಯದ ಮಾತು ಅದೊಂದೇ.

ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ಧಾರವಾಡದ ಕಡೆಯವರು, ನಾನು ಮೈಸೂರಿನವನು. ಲ್ಯಾಬಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಅವರು ಇಲ್ಲಿ, ಅಮೆರಿಕದ ಎಡಿಸನ್ನಿನಲ್ಲಿ, ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಗಳು ಬೇರೆ ರಾಜ್ಯದಲ್ಲಿ ಓದುತ್ತಿದ್ದಳು. ಕುಳ್ಳಗಿನ, ತೆಳ್ಳಗಿನ ಹೆಂಗಸು. ಯಾವುದಕ್ಕಾದರೂ ಇಲ್ಲ ಎನ್ನುವ ಮೊದಲು ಕನ್ನಡಕ ತೆಗೆದು, ಬಿಳಿ ಕೋಟಿನ ತುದಿಯಿಂದ ನಿಧಾನವಾಗಿ ಒರೆಸುತ್ತಿದ್ದರು. ಆ ಒರೆಸುವಿಕೆ ಶುರುವಾಯಿತೆಂದರೆ ಎದುರಿನವರು ಆಸೆ ಬಿಡಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಡಾಕ್ಟರು ರಿಪೋರ್ಟ್ ತಡವಾಯಿತೆಂದು ಫೋನಿನಲ್ಲಿ ಕೂಗಾಡಿ, ತಾವೇ ಕೆಳಗಿಳಿದು ಬಂದರು. ರಕ್ತದ ಟ್ಯೂಬಿನ ಮೇಲಿನ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿತ್ತು. ಅಕ್ಕ ಅವರಿಗೊಂದು ಕುರ್ಚಿ ಕೊಟ್ಟರು, ರಿಪೋರ್ಟ್ ಕೊಡಲಿಲ್ಲ. ಇನ್ನೊಮ್ಮೆ ರಕ್ತ ತೆಗೆಸಿ ಕಳಿಸಿ ಎಂದರು. ಆಮೇಲೆ ನೋಡಿದರೆ ಆ ಟ್ಯೂಬು ಪಕ್ಕದ ಹಾಸಿಗೆಯವರದ್ದು. ಡಾಕ್ಟರು ಕ್ಷಮೆ ಕೇಳಲು ಬಂದಾಗ ಅಕ್ಕ ಆಗಲೇ ಬೇರೆ ಕೆಲಸದಲ್ಲಿದ್ದರು. ನನಗೆ ಮಾತ್ರ ಹೇಳಿದರು: "ಹೆಸರು ಮೊದಲ, ರಕ್ತ ಆಮ್ಯಾಲೆ. ಯಾರ ಎಷ್ಟ ಒದರಿದ್ರೂ ಇದನ್ನ ಬಿಡಬ್ಯಾಡ."

ಇಂಥವರು ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ ಬ್ಯಾಗ್‌ಪೈಪ್ ಊದಲು ಹೊರಟರು. ಕಂಕುಳಲ್ಲಿ ಚೀಲ ಒತ್ತಿಕೊಂಡು, ಅದಕ್ಕೆ ಗಾಳಿ ತುಂಬುತ್ತಾ ನುಡಿಸುವ ಸ್ಕಾಟ್ಲೆಂಡಿನ ವಾದ್ಯ ಅದು. ಅದನ್ನು ಊದುವವರು ಸಾಲಾಗಿ ಕಿಲ್ಟ್ ಉಟ್ಟು ನಡೆಯುತ್ತಾರೆ. ಕಿಲ್ಟ್ ಅಂದರೆ ಮಂಡಿಯವರೆಗೆ ಬರುವ, ಹಿಂಭಾಗದಲ್ಲೆಲ್ಲ ನೆರಿಗೆ ಹಿಡಿದ, ಚೌಕಳಿ ಚೌಕಳಿಯ ಉಣ್ಣೆಯ ಉಡುಪು. ಅಲ್ಲಿನ ಗಂಡಸರ ಉಡುಗೆ. ಅಕ್ಕನ ಕಥೆ ಕೇಳಿದವರೆಲ್ಲ ಮೊದಲು ನಗುತ್ತಾರೆ. ನಾನೂ ನಕ್ಕಿದ್ದೆ.

ಇದರ ಮೂಲ ಕೋವಿಡ್ಡಿನ ಮೊದಲ ವಸಂತದಲ್ಲಿತ್ತು. ಆಗ ಲ್ಯಾಬಿನಲ್ಲಿ ಅಕ್ಕನಿಗೆ ಒಬ್ಬ ಗೆಳತಿಯಿದ್ದರು, ಫಿಲಿಪೀನ್ಸಿನವರು. ವಾರ್ಡ್ ವಾರ್ಡಿಗೆ ಹೋಗಿ ರಕ್ತ ತೆಗೆಯುವುದು ಅವರ ಕೆಲಸ. ಹನ್ನೆರಡು ವರ್ಷ ಇಬ್ಬರೂ ಒಂದೇ ಮೇಜಿನಲ್ಲಿ ಊಟ ಮಾಡಿದ್ದರು. ಅಕ್ಕ ಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಆಕೆ ಅನ್ನ ಮೀನಿನ ಮೇಲೆ ಉದುರಿಸಿಕೊಂಡು ತಿನ್ನುತ್ತಿದ್ದುದನ್ನು ನಾನು ಕಂಡಿದ್ದೇನೆ. ಒಂದೇ ವಾರದಲ್ಲಿ ಇಬ್ಬರೂ ಕಾಯಿಲೆ ಬಿದ್ದರು. ಅಕ್ಕನನ್ನು ನಮ್ಮ ಆಸ್ಪತ್ರೆಯ ಐದನೇ ಮಹಡಿಯಲ್ಲೇ ಆಕ್ಸಿಜನ್ ಹಾಕಿ ಮಲಗಿಸಿದ್ದರು. ಆ ಗೆಳತಿ ಉಳಿಯಲಿಲ್ಲ.

ಅಗ್ನಿಶಾಮಕ ದಳದ ನಿವೃತ್ತರು ಸೇರಿ ಕಟ್ಟಿಕೊಂಡಿದ್ದ ಪೈಪ್ ಬ್ಯಾಂಡ್ ಆಕೆಗೆ ಗೌರವ ಸಲ್ಲಿಸಲು ಆಸ್ಪತ್ರೆಯ ಗೇಟಿಗೆ ಬಂದು ನುಡಿಸಿತು. ನಾವೆಲ್ಲ ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತಿದ್ದೆವು. ಮೇಲೆ ಮಲಗಿದ್ದ ಅಕ್ಕನಿಗೆ ಅದು ಕೇಳಿಸಿತ್ತು. ಬಹಳ ದಿನದ ಮೇಲೆ ಅವರು ನನಗೆ ಹೇಳಿದರು:

"ಜ್ವರದಾಗ ಇದ್ನಲ್ಲ, ಸನಾದಿ ಅಂತ ತಿಳಕೊಂಡೆ. ಯಾರದೋ ಮದುವಿ ನಡದೈತಿ, ನನ್ನ ಯಾರೂ ಎಬ್ಬಸವಲ್ರು ಅಂತ ಸಿಟ್ಟು ಬಂತು. ಮರುದಿನ ನರ್ಸ್ ಹೇಳಿದ್ಲು, ಅದು ಮದುವಿ ಅಲ್ಲ, ಇಂಥಾಕಿ ಹೋದ್ಲು ಅಂತ. ನಾ ಎದ್ದು ನಿಲ್ಲಲಿಲ್ಲ ತಮ್ಮಾ. ಎಲ್ಲಾರೂ ನಿಂತಿದ್ರಿ, ನಾ ಮಲಗಿದ್ದೆ."

ಮೂರು ವಾರದ ನಂತರ ಮನೆಗೆ ಹೋದ ಅಕ್ಕ ಕೆಲಸಕ್ಕೆ ಮರಳಿದ್ದು ಎಷ್ಟೋ ತಿಂಗಳ ಮೇಲೆ. ಶ್ವಾಸಕೋಶದಲ್ಲಿ ಕಲೆ ಉಳಿದಿತ್ತು. ಪಾರ್ಕಿಂಗ್ ಲಾಟಿನಿಂದ ಲ್ಯಾಬಿಗೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಿದ್ದರು. ಶ್ವಾಸಕೋಶದ ಡಾಕ್ಟರು ಬಲೂನು ಊದಿ, ಬೇಕಾದರೆ ಕೊಳಲೋ ಮೌತ್ ಆರ್ಗನ್ನೋ ಕಲಿಯಿರಿ ಎಂದಿದ್ದರು. ಅಕ್ಕ ಒಂದು ವರ್ಷ ಬಲೂನು ಊದಿದರು. ಆಮೇಲೆ ಒಂದು ಬುಧವಾರ ಕಾರ್ನಿ ಊರಿಗೆ ಡ್ರೈವ್ ಮಾಡಿಕೊಂಡು ಹೋಗಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದ ಅದೇ ಬ್ಯಾಂಡಿನ ಮುಂದೆ ನಿಂತು, ನನಗೂ ಕಲಿಸಿ ಎಂದರು. ಕಾರ್ನಿ ಹಿಂದೆ ನೂಲಿನ ಗಿರಣಿಗಳಿಗೆಂದು ಸ್ಕಾಟ್ಲೆಂಡಿನವರು ಬಂದು ನೆಲೆಸಿದ ಊರು. ಅವರ ಮೊಮ್ಮಕ್ಕಳು ಕೆಲವರು ಈಗಲೂ ಅಲ್ಲಿದ್ದಾರೆ.

ಬ್ಯಾಂಡಿನ ಮುಖ್ಯಸ್ಥನನ್ನು ಪೈಪ್ ಮೇಜರ್ ಎನ್ನುತ್ತಾರೆ. ಆತ ಕೆಂಪು ಮುಖದ, ಮಾತು ಕಡಿಮೆಯ, ಅಗ್ನಿಶಾಮಕ ದಳದಿಂದ ನಿವೃತ್ತನಾದವನು. ಅಕ್ಕನ ಕೈಗೆ ಕೊಳಲಿನಂಥ ಒಂದು ಸಣ್ಣ ಅಭ್ಯಾಸದ ಪೈಪು ಕೊಟ್ಟು, "ಒಂದು ವರ್ಷ ಇದು. ಆಮೇಲೆ ನೋಡೋಣ" ಎಂದನಂತೆ. ಅಪಾರ್ಟ್‌ಮೆಂಟಿನಲ್ಲಿ ಊದಿದರೆ ನೆರೆಯವರು ಕಂಪ್ಲೇಂಟ್ ಮಾಡಿದರು. ಅಕ್ಕ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಾರಿನ ಕಿಟಕಿ ಏರಿಸಿಕೊಂಡು ಒಳಗೆ ಕೂತು ಊದತೊಡಗಿದರು. ನಾಲ್ಕು ನಿಮಿಷ ಊದುವುದು, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿಕೊಂಡು ನೋಡುವುದು, ಅಂಕಿ ಸರಿಯಿದ್ದರೆ ಮತ್ತೆ ನಾಲ್ಕು ನಿಮಿಷ. ಡಾಕ್ಟರಿಗೆ ಹೇಳಿದ್ದೀರಾ ಎಂದು ಕೇಳಿದೆ.

"ಹೇಳೀನಿ. ಅವ್ರು ಮೌತ್ ಆರ್ಗನ್ ಅಂದಿದ್ರು. ನಾ ಸ್ವಲ್ಪ ದೊಡ್ಡದು ತೊಗೊಂಡೆ ಅಂದೆ. ಕ್ಲಿಪ್ ನೋಡ್ಕೋತ ಊದ್ರಿ ಅಂದ್ರು."

ಎರಡು ವರ್ಷದ ಮೇಲೆ ಪೈಪ್ ಮೇಜರ್ ಅಕ್ಕನನ್ನು ಸಾಲಿಗೆ ಸೇರಿಸಿಕೊಂಡ. ಮುಂದಿನ ವಸಂತದಲ್ಲಿ, ಕೋವಿಡ್ಡಿನಲ್ಲಿ ತೀರಿಕೊಂಡ ಸಿಬ್ಬಂದಿಯ ನೆನಪಿಗೆ, ಬ್ಯಾಂಡು ಫೈರ್ ಸ್ಟೇಷನ್ನಿನಿಂದ ನಮ್ಮ ಆಸ್ಪತ್ರೆಯ ಗೇಟಿನವರೆಗೆ ನಡೆಯುವುದಿತ್ತು. ಅಕ್ಕನಿಗೆ ಬೇಕಾಗಿದ್ದುದು ಅದೇ. ಆದರೆ ಒಂದು ನಿಯಮವಿತ್ತು. ವಾದ್ಯವನ್ನೂ ಕಿಲ್ಟನ್ನೂ ಬ್ಯಾಂಡು ಕೊಡುತ್ತದೆ. ಅದರ ಜೊತೆಗಿನದೆಲ್ಲ ಅವರವರೇ ತರಬೇಕು. ಉಡುಪು ಪೂರ್ತಿಯಾಗದವರು ಸಾಲಿನಲ್ಲಿ ನಿಲ್ಲುವಂತಿಲ್ಲ.

ಅಕ್ಕ ಆ ಪಟ್ಟಿಯನ್ನೂ ಒಂದು ಕ್ಯಾಟಲಾಗನ್ನೂ ಬ್ರೇಕ್ ರೂಮಿನ ಮೇಜಿನ ಮೇಲೆ ಹರಡಿ ನನ್ನನ್ನು ಕರೆದರು. ಮಂಡಿಯವರೆಗಿನ ಉಣ್ಣೆಯ ಕಾಲುಚೀಲ. ಅದರ ಮಡಿಕೆಯ ಕೆಳಗಿನಿಂದ ಇಣುಕುವ ಬಣ್ಣದ ಎರಡು ಪಟ್ಟಿ. ಲೇಸನ್ನು ಕಣಕಾಲಿಗೆ ಸುತ್ತಿ ಕಟ್ಟುವ ಕಪ್ಪು ಶೂ. ಕಿಲ್ಟಿನ ಅಂಚಿಗೆ ಚುಚ್ಚುವ ಪಿನ್ನು. ಕೊನೆಗೆ ಸ್ಪೊರಾನ್. ಕಿಲ್ಟಿಗೆ ಜೇಬಿಲ್ಲದ್ದರಿಂದ ಸೊಂಟದ ಮುಂದೆ ಸರಪಳಿಯಿಂದ ಇಳಿಬಿಡುವ ಚರ್ಮದ ಚೀಲ ಅದು. ಎಲ್ಲಕ್ಕಿಂತ ದುಬಾರಿಯೂ ಅದೇ. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೂ ಆಸ್ಪತ್ರೆಯ ಬಿಲ್ಲು ತಪ್ಪುವುದಿಲ್ಲ. ಅಕ್ಕ ತಮ್ಮದನ್ನು ಇನ್ನೂ ಕಂತಿನಲ್ಲಿ ಕಟ್ಟುತ್ತಿದ್ದರು. ಮಗಳ ಓದೂ ಇತ್ತು.

"ನಾವೆಲ್ಲ ಸೇರಿ ಕೊಡಿಸ್ತೀವಿ ಅಕ್ಕ" ಎಂದೆ.

ಕನ್ನಡಕ ಮೂಗಿನಿಂದ ಇಳಿಯಿತು. ಕೋಟಿನ ತುದಿ ಮೇಲೆ ಬಂತು. "ಬ್ಯಾಂಡಿಗೆ ನಿಲ್ಲಾಕಿ ನಾನು. ಉಡುಪು ನಾನ ಹೊಂದಸ್ತೀನಿ. ಈ ರೇಟಿಗೆ ಮಾತ್ರ ಅಲ್ಲ."

ಆದರೂ ನಾನು ಕೇಳದೆ ಆನ್‌ಲೈನಿನಲ್ಲಿ ಅಗ್ಗದ್ದೊಂದು ಸ್ಪೊರಾನ್ ತರಿಸಿಬಿಟ್ಟೆ. ಪೆಟ್ಟಿಗೆ ತೆರೆದರೆ ಪ್ಲಾಸ್ಟಿಕ್ಕಿನ ಕೂದಲು, ಸೀಮೆಎಣ್ಣೆಯಂಥ ವಾಸನೆ. ಅಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಬೆಕ್ಕು ನೀರಾಗ ಬಿದ್ದಂಗ ಐತಿ. ವಾಪಸ್ ಕಳಸು" ಅಂದರು. ಕಳಿಸಿದೆ.

ಹುಡುಕಾಟ ಶುರುವಾಯಿತು. ಮೊದಲು ಕಾಲುಚೀಲ. ಹಳೆಯ ಬಟ್ಟೆಬರೆ ಅಗ್ಗಕ್ಕೆ ಮಾರುವ ಎಡಿಸನ್ನಿನ ಥ್ರಿಫ್ಟ್ ಸ್ಟೋರಿನಲ್ಲಿ ಯಾರೋ ಬಿಟ್ಟುಹೋದ ಎರಡು ಕೆನೆ ಬಣ್ಣದ ಉಣ್ಣೆಯ ಸ್ವೆಟರ್ ಸಿಕ್ಕವು. ಅಕ್ಕ ಅವನ್ನು ಬಿಚ್ಚಿ, ನೂಲು ಸುತ್ತಿ, ತೊಳೆದು, ಮತ್ತೆ ಹೆಣೆಯಲು ಕೂತರು. ಶಾಲೆಯಲ್ಲಿ ಕಲಿತದ್ದಂತೆ. ಮೊದಲ ಜೊತೆ ಸಡಿಲವಾಗಿ ಕಣಕಾಲಿಗೆ ಜಾರಿತು. ಬಿಚ್ಚಿದರು. ಎರಡನೆಯದರಲ್ಲಿ ಒಂದು ಉದ್ದ, ಒಂದು ಗಿಡ್ಡ. ಬಿಚ್ಚಿದರು. ಮೂರನೆಯದನ್ನು ಹಾಕಿಕೊಂಡು ಲ್ಯಾಬಿನ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಜಾರಲಿಲ್ಲ.

ಬಣ್ಣದ ಪಟ್ಟಿಗೆ ಮೆರೂನ್ ಬಟ್ಟೆಯೇ ಆಗಬೇಕಿತ್ತು. ಅದನ್ನು ಓಕ್ ಟ್ರೀ ರೋಡಿನ ಸೀರೆ ಅಂಗಡಿಯಲ್ಲಿ ಹುಡುಕಿದರು. ಅಂಗಡಿಯ ಗುಜರಾತಿ ಹೆಂಗಸು ಬ್ಲೌಸ್ ಪೀಸುಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸುತ್ತಾ, ಯಾವ ಸೀರೆಗೆ ಮ್ಯಾಚಿಂಗ್ ಬೇಕು ಎಂದು ಹಿಂದಿಯಲ್ಲಿ ಕೇಳಿದರು. ಅಕ್ಕ ಚಪ್ಪಲಿ ಕಳಚಿ, ಕಾಲನ್ನು ಸ್ಟೂಲಿನ ಮೇಲಿಟ್ಟು, "ಸೀರೆಗಲ್ಲ, ಇದಕ್ಕೆ" ಎಂದು ತಾವೇ ಹೆಣೆದ ಕಾಲುಚೀಲ ತೋರಿಸಿದರು. ಆ ಹೆಂಗಸು ಎರಡು ನಿಮಿಷ ಕಾಲನ್ನೂ ಮುಖವನ್ನೂ ನೋಡಿ, ಒಳಗೆ ಹೋಗಿ, ತುಂಡು ಬಟ್ಟೆಯ ಚೀಲವನ್ನೇ ತಂದು ಸುರಿದರು. ಬೇಕಾದ ಮೆರೂನ್ ಅದರಲ್ಲಿತ್ತು.

ಅಲ್ಲೇ ನಮಗೆ ಪರಿಚಯದ ಒಬ್ಬ ಕನ್ನಡದ ಅಂಕಲ್ ಸಿಕ್ಕರು. ವಿಷಯ ತಿಳಿದು, "ಈ ವಯಸ್ಸಲ್ಲಿ ಸ್ಕರ್ಟ್ ಹಾಕ್ಕೊಂಡು ರೋಡಲ್ಲಿ ನಡೀತೀರಾ ಮೇಡಂ? ಜನ ಏನಂತಾರೆ?" ಎಂದರು.

"ಸ್ಕರ್ಟ್ ಅಲ್ಲರಿ, ಎಂಟು ಗಜದ್ದು ಅದು" ಎಂದರು ಅಕ್ಕ ಬಟ್ಟೆಯಿಂದ ಕಣ್ಣು ಎತ್ತದೆ. "ನಮ್ಮವ್ವ ಒಂಬತ್ತು ಗಜದ್ದು ಉಟ್ಟು ಹೊಲಕ್ಕ ಹೋಗತಿದ್ಲು. ನಂದು ಒಂದ ಗಜ ಕಡಿಮಿ, ಅಷ್ಟ."

ಶೂ ಸಿಕ್ಕಿದ್ದು ಅವರ ಬುದ್ಧಿವಂತಿಕೆಯಿಂದ. ಕ್ಯಾಟಲಾಗಿನಲ್ಲಿ ಹೆಂಗಸರ ಶೂ ಒಂದು ಬೆಲೆ, ಮಕ್ಕಳ ಶೂ ಅದರ ಅರ್ಧ ಬೆಲೆ. ಅಕ್ಕ ಕಾಗದದ ಮೇಲೆ ಕಾಲಿಟ್ಟು ಪೆನ್ಸಿಲಿನಿಂದ ಗೀಟು ಹಾಕಿ ಅಳೆದರು. ಮಕ್ಕಳ ದೊಡ್ಡ ಸೈಜು ಅವರಿಗೆ ಸರಿಯಾಗಿ ಹೊಂದಿತು. ಪಿನ್ನಿಗೆ ಕಂಬಳಿಗೆ ಹಾಕುವ ದೊಡ್ಡ ಸೇಫ್ಟಿ ಪಿನ್ನನ್ನೇ ತಿಕ್ಕಿ ಹೊಳಪು ಮಾಡಿಕೊಂಡರು. ಪೈಪ್ ಮೇಜರ್ ಅದನ್ನು ನೋಡಿ, ನಮ್ಮ ತಾತನ ಕಾಲದಲ್ಲಿ ಎಲ್ಲರೂ ಇದನ್ನೇ ಹಾಕುತ್ತಿದ್ದದ್ದು ಎಂದನಂತೆ.

ಉಳಿದದ್ದು ಸ್ಪೊರಾನ್. ಮೆರವಣಿಗೆಗೆ ಮೂರು ವಾರವಷ್ಟೇ ಇತ್ತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಸಿಗಲಿಲ್ಲ. ಆನ್‌ಲೈನ್ ಹರಾಜುಗಳಲ್ಲಿ ಕೊನೆಯ ನಿಮಿಷಕ್ಕೆ ಬೆಲೆ ಏರಿ ಕೈತಪ್ಪುತ್ತಿತ್ತು. ಆಗ ಬ್ಯಾಂಡಿನ ಒಬ್ಬರು ಹೇಳಿದರು, ಕಾರ್ನಿಯಲ್ಲಿ ಒಬ್ಬ ಮುದುಕ ಪೈಪರ್ ತೀರಿಕೊಂಡಿದ್ದಾನೆ, ಮನೆಯ ಸಾಮಾನೆಲ್ಲ ಶನಿವಾರ, ಭಾನುವಾರ ಮಾರಾಟಕ್ಕಿಟ್ಟಿದ್ದಾರೆ ಎಂದು. ಇಲ್ಲಿ ಅದಕ್ಕೆ ಎಸ್ಟೇಟ್ ಸೇಲ್ ಎನ್ನುತ್ತಾರೆ. ಬಾಗಿಲು ತೆರೆದಿಟ್ಟು, ಚಮಚದಿಂದ ಸೋಫಾದವರೆಗೆ ಎಲ್ಲಕ್ಕೂ ಬೆಲೆಯ ಚೀಟಿ ಅಂಟಿಸಿರುತ್ತಾರೆ.

ಶನಿವಾರ ನಾನೂ ಹೋದೆ. ಇಕ್ಕಟ್ಟಾದ ಮನೆ. ಊಟದ ಮೇಜಿನ ಮೇಲೆ ಪಿಂಗಾಣಿ ತಟ್ಟೆಗಳ ಪಕ್ಕದಲ್ಲಿ ಸ್ಪೊರಾನ್ ಇತ್ತು. ಕಪ್ಪು ಚರ್ಮ, ಅಂಚಿನಲ್ಲಿ ಸವೆದ ಬೆಳ್ಳಿಯ ಬಣ್ಣ, ಸರಪಳಿ ಗಟ್ಟಿ. ಅಕ್ಕ ಅದನ್ನು ಎತ್ತಿ, ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಚೀಟಿಯ ಬೆಲೆ ಓದಿ, ಸರಪಳಿಯನ್ನು ಸುತ್ತಿ ಮಡಿಸಿ ಹಾಗೆಯೇ ವಾಪಸ್ ಇಟ್ಟರು.

"ತೊಗೊಳ್ಳಿ ಅಕ್ಕ" ಎಂದೆ. "ಇದಕ್ಕಿಂತ ಒಳ್ಳೇದು ಸಿಗಲ್ಲ."

"ನಾಳೆ ಮಧ್ಯಾಹ್ನದ ಮ್ಯಾಲೆ ಎಲ್ಲಾ ಅರ್ಧಾ ರೇಟು. ಬಾಗಲಾಗ ಬರದ ಹಾಕ್ಯಾರ, ನೋಡು."

"ಅಷ್ಟರಲ್ಲಿ ಬೇರೆಯವರು ತೊಗೊಂಡ್ರೆ?"

"ತೊಗೊಂಡ್ರ ತೊಗೊಂಡ್ರು. ಇವತ್ತಿನ ರೇಟು ನನ್ನ ಕೈಲೆ ಆಗೂದಿಲ್ಲ."

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ಅಕ್ಕ ಬಹಳ ಹೊತ್ತು ಕೀಲಿ ತಿರುಗಿಸಲಿಲ್ಲ. ಆ ಮನೆಯ ಬಾಗಿಲನ್ನೇ ನೋಡುತ್ತಿದ್ದರು. ಅವರಿಗೆ ಅದು ಎಷ್ಟು ಬೇಕಾಗಿತ್ತು ಎಂದು ನನಗೆ ಗೊತ್ತಾದದ್ದು ಆಗ.

ಭಾನುವಾರ ಹನ್ನೆರಡಕ್ಕೆ ಹೋದೆವು. ಮೇಜಿನ ಮೇಲೆ ತಟ್ಟೆಗಳಿದ್ದವು. ಸ್ಪೊರಾನ್ ಇರಲಿಲ್ಲ. ಅಕ್ಕ ಒಂದು ಕ್ಷಣ ಮೇಜಿನ ಅಂಚು ಹಿಡಿದು ನಿಂತು, "ನಡಿ" ಅಂದರು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಕರೆದರು. ಸತ್ತ ಪೈಪರನ ಮಗಳು, ಐವತ್ತರ ಆಸುಪಾಸು. ಅಡುಗೆಮನೆಯ ಡ್ರಾಯರಿನಿಂದ ಅದನ್ನು ತೆಗೆದು ತಂದರು.

"ನಿನ್ನೆ ನೀವು ಸರಪಳಿ ಮಡಿಸಿಟ್ಟದ್ದು ನೋಡಿದೆ. ನಮ್ಮಪ್ಪ ಹಾಗೇ ಮಡಿಸುತ್ತಿದ್ದ" ಎಂದರು ಇಂಗ್ಲಿಷಿನಲ್ಲಿ. "ಒಬ್ಬ ವ್ಯಾಪಾರಿ ಎರಡು ಸಲ ಕೇಳಿದ. ಗೋಡೆಗೆ ನೇತುಹಾಕಲು ಅಂತ. ನೀವು ಊದುವವರಲ್ಲವೆ?"

"ಕಲಿಯುತ್ತಿದ್ದೇನೆ" ಎಂದರು ಅಕ್ಕ.

ಸ್ಪೊರಾನಿನ ಒಳಗೆ ಆ ಮುದುಕ ಬಿಟ್ಟುಹೋದ ಎರಡು ಕೆಮ್ಮಿನ ಪೆಪ್ಪರ್‌ಮೆಂಟ್ ಇದ್ದವು. ಅಕ್ಕ ಅವನ್ನು ತೆಗೆದು ಆ ಮಗಳ ಅಂಗೈಯಲ್ಲಿಟ್ಟರು. ಆಕೆ ಮುಷ್ಟಿ ಮುಚ್ಚಿಕೊಂಡರು. ಆಮೇಲೆ ಇವತ್ತು ಅರ್ಧ ಬೆಲೆ ಎಂದರು. ಅಕ್ಕ ಪರ್ಸು ತೆಗೆದು ಚೀಟಿಯಲ್ಲಿದ್ದ ಪೂರ್ತಿ ಬೆಲೆಯನ್ನು ಎಣಿಸಿ ಕೊಟ್ಟರು. ಆಕೆ ಬೇಡವೆಂದಷ್ಟೂ ಕೇಳಲಿಲ್ಲ.

ಕಾರಿನಲ್ಲಿ ನಾನು, "ನಿನ್ನೆಯೇ ಕೊಡಬಹುದಿತ್ತಲ್ಲ ಅಕ್ಕ?" ಎಂದೆ.

"ನಿನ್ನೆ ಅದು ಮೇಜಿನ ಮ್ಯಾಲಿನ ಸಾಮಾನು ತಮ್ಮಾ. ನನಗಂತ ತಗದಿಟ್ಟಾಕಿಗೆ ಅರ್ಧಾ ಹೆಂಗ ಕೊಡ್ಲಿ? ಈ ತಿಂಗಳು ಕಾರು ಬಿಟ್ಟು ಬಸ್ಸಿನ್ಯಾಗ ಬರ್ತೀನಿ." ಹಾಗೆಯೇ ಬಂದರು ಕೂಡ. ದಿನಕ್ಕೆ ಒಂದು ಗಂಟೆ ಹೆಚ್ಚಿಗೆ.

ಮೆರವಣಿಗೆಯ ಬೆಳಿಗ್ಗೆ ಫೈರ್ ಸ್ಟೇಷನ್ನಿನ ಮುಂದೆ ಪೈಪ್ ಮೇಜರ್ ಒಬ್ಬೊಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡುತ್ತಾ ಬಂದ. ಅಕ್ಕನ ಮುಂದೆ ಹೆಚ್ಚು ಹೊತ್ತು ನಿಂತ. ಕಾಲುಚೀಲದ ಮಡಿಕೆ, ಮೆರೂನ್ ಪಟ್ಟಿ, ಸ್ಪೊರಾನಿನ ಎತ್ತರ. ಆಮೇಲೆ ಮುಂದಿನವರ ಹತ್ತಿರ ಹೋದ. ಅಕ್ಕ ಮೂರನೇ ಸಾಲಿನ ಬಲತುದಿಯಲ್ಲಿ ನಿಂತರು.

ಮೊದಲ ಅರ್ಧ ಮೈಲಿ ಚೆನ್ನಾಗಿ ನಡೆಯಿತು. ನಾನು ಪಕ್ಕದ ಫುಟ್‌ಪಾತಿನಲ್ಲಿ ಜೊತೆಜೊತೆಗೇ ಹೋಗುತ್ತಿದ್ದೆ. ಆಸ್ಪತ್ರೆ ಇರುವುದು ಏರಿನ ಮೇಲೆ. ಏರು ಶುರುವಾದ ಸ್ವಲ್ಪ ಹೊತ್ತಿಗೆ ಅವರ ಮುಖದ ಬಣ್ಣ ಹೋಯಿತು. ಊದುಕೊಳವೆ ಬಾಯಿಂದ ಜಾರಿತು, ಕಂಕುಳಲ್ಲಿದ್ದ ಚೀಲ ಕುಸಿಯಿತು. ನಾನು ನೀರಿನ ಬಾಟಲಿ ಹಿಡಿದು ರಸ್ತೆಗೆ ಇಳಿದೆ. ಅವರು ಕಣ್ಣಿನಲ್ಲೇ ಬೇಡ ಎಂದರು. ಸಾಲು ಬಿಡಲಿಲ್ಲ. ಬೆರಳುಗಳು ತೂತುಗಳ ಮೇಲೆ ರಾಗಕ್ಕೆ ಸರಿಯಾಗಿ ಆಡುತ್ತಲೇ ಇದ್ದವು, ಹೆಜ್ಜೆ ತಪ್ಪಲಿಲ್ಲ. ಸದ್ದು ಮಾತ್ರ ಇಲ್ಲ. ಹಾಗೆಯೇ ಗೇಟಿನವರೆಗೆ ಹೋಗಿ ನಿಂತರು.

ಮುಗಿದ ಮೇಲೆ ಎಲ್ಲರೂ ಬಂದು ಅಪ್ಪಿಕೊಂಡರು. ಯು ಡಿಡ್ ಇಟ್, ಯು ಡಿಡ್ ಇಟ್ ಎಂದರು. ಅಕ್ಕ ಥ್ಯಾಂಕ್ಸ್ ಹೇಳಿದರು. ಎಲ್ಲರೂ ಹೋದ ಮೇಲೆ ಕನ್ನಡಕ ಒರೆಸುತ್ತಾ ನನಗೆ ಹೇಳಿದರು: "ಏರಿನ್ಯಾಗ ಹೋತು. ಇದು ಲೆಕ್ಕಕ್ಕಿಲ್ಲ."

"ಯಾರಿಗೂ ಗೊತ್ತಾಗಲಿಲ್ಲ ಅಕ್ಕ."

"ನಂಗ ಗೊತ್ತಾತಲ್ಲ."

ಮರುದಿನದಿಂದ ಅವರು ಲಿಫ್ಟ್ ಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಮೊದಲು ಐದನೇ ಮಹಡಿಯವರೆಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಮೊದಮೊದಲು ಪ್ರತಿ ಮಹಡಿಯಲ್ಲೂ ಕೂರುತ್ತಿದ್ದರು. ಬೇಸಿಗೆಯಲ್ಲಿ ಎರಡು ಕಡೆ. ಹಿಮ ಬೀಳುವ ಹೊತ್ತಿಗೆ ಒಂದು ಕಡೆ. ನಾನು ಜೊತೆಗೆ ಹತ್ತಲು ಹೋಗಿ ನಾಲ್ಕನೇ ದಿನಕ್ಕೆ ಬಿಟ್ಟೆ. ಅವರು ಬಿಡಲಿಲ್ಲ. ಮಾರ್ಚಿನ ಒಂದು ಬೆಳಿಗ್ಗೆ ಎಲ್ಲೂ ಕೂರದೆ ಹೋಗಿ ಬಂದು, ಏನೂ ಆಗಿಲ್ಲವೆಂಬಂತೆ ಕೋಟು ಹಾಕಿಕೊಂಡು ಟ್ಯೂಬುಗಳ ಹೆಸರು ಓದತೊಡಗಿದರು.

ಎರಡನೇ ವರ್ಷದ ಮೆರವಣಿಗೆಯಲ್ಲಿ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಏರಿನಲ್ಲಿ ಅವರ ಜೊತೆ ನಡೆಯುವ ಧೈರ್ಯ ನನಗಿರಲಿಲ್ಲ. ಮೊದಲು ಸದ್ದು ಬಂತು, ಆಮೇಲೆ ಸಾಲುಗಳು. ಮೂರನೇ ಸಾಲಿನ ಬಲತುದಿಯಲ್ಲಿ ಅವರ ಕೆನ್ನೆ ಉಬ್ಬಿತ್ತು, ಚೀಲ ಉಬ್ಬಿತ್ತು. ಗೇಟಿನ ಮುಂದೆ ನಿಂತು ಬ್ಯಾಂಡು ನಿಧಾನದ ಒಂದು ರಾಗ ನುಡಿಸಿತು. ತೀರಿಹೋದ ಆ ಗೆಳತಿಯ ಗಂಡ ಎದುರಿಗೆ ಟೋಪಿ ತೆಗೆದು ನಿಂತಿದ್ದರು. ರಾಗ ಮುಗಿದಾಗ ಎಲ್ಲ ಪೈಪುಗಳೂ ಒಂದೇ ಏಟಿಗೆ ನಿಲ್ಲಬೇಕು. ಅದು ಬ್ಯಾಂಡಿನ ಶಿಸ್ತು. ಎಲ್ಲವೂ ನಿಂತವು. ಒಂದೇ ಒಂದು ನಿಲ್ಲಲಿಲ್ಲ. ಆ ನಿಶ್ಶಬ್ದದಲ್ಲಿ ಅಕ್ಕನ ಪೈಪಿನ ಒಂಟಿ ಸ್ವರ ಎರಡು ಕ್ಷಣ ಉದ್ದಕ್ಕೆ ಎಳೆದು, ಆಮೇಲೆ ಆರಿತು.

ಪೈಪ್ ಮೇಜರ್ ಸಾಲು ಚದುರಿದ ಮೇಲೆ ಅವರ ಹತ್ತಿರ ಬಂದ. ಕೊನೆಯಲ್ಲಿ ತಡ ಮಾಡಿದೆ, ಎಲ್ಲರ ಜೊತೆ ನಿಲ್ಲಿಸಬೇಕಿತ್ತು ಎಂದ.

ಅಕ್ಕ ಹೌದು ಎಂದು ತಲೆಯಾಡಿಸಿದರು. ಬೆವರಿನಿಂದ ಅವರ ಮುಖ ಹೊಳೆಯುತ್ತಿತ್ತು. ಆತ ಹೋದ ಮೇಲೆ ನನ್ನ ಕಡೆ ತಿರುಗಿದರು.

"ತಪ್ಪು ನಂದ ತಮ್ಮಾ. ಉಸುರು ಇನ್ನೂ ಉಳದಿತ್ತು."